ಚಾಪ್‌ಸ್ಟಿಕ್‌ಗೆ ಸಿಗದ ಎಳ್ಳಿನ ಬಿಲ್ಲೆ

ಪ್ರಶ್ನೆ: ಜಪಾನಿನ ಕ್ಯೋಟೋದಲ್ಲಿ ಮರೆಯಲಾಗದ ರಾತ್ರಿಯೂಟ ಮಾಡಿದೆ ಎಂದು ಬರೆದಿದ್ದಿರಿ. ಮೀನು ಮುಟ್ಟದ ನಮ್ಮಂಥವರಿಗೆ ಅಲ್ಲಿ ಏನು ಸಿಗುತ್ತದೆ?
ಓದುಗರೊಬ್ಬರು, ಶಿರಸಿ

ಉತ್ತರ: ನಾನೂ ಮೀನು ಮುಟ್ಟದವಳೇ. ಮೊದಲ ದಿನ ತರಕಾರಿ ಸಾರೆಂದು ನಂಬಿ ಕುಡಿದದ್ದರಲ್ಲಿ ಮೀನಿನ ರಸವಿತ್ತು! ಅಲ್ಲಿನ ‘ದಾಶಿ’ ಎಂಬ ಮೂಲ ಸಾರಿಗೆ ಕೊಂಬು ಎಂಬ ಕಡಲಪಾಚಿಯ ಜೊತೆ, ಹೊಗೆಯಲ್ಲಿ ಒಣಗಿಸಿದ ಮೀನಿನ ಹೆರಕಲನ್ನೂ ಹಾಕುವುದು ರೂಢಿ. ಆದ್ದರಿಂದ ‘ಶೋಜಿನ್ ರಿಯೋರಿ’ ಎಂದೇ ಕೇಳಿ, ಮೊದಲೇ ತಿಳಿಸಿ ಹೋಗಿ. ಅದು ಬೌದ್ಧ ಮಠಗಳ ಅಡುಗೆ. ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮ ಮಠದೂಟದ ಹಾಗೆ.

ಆ ರಾತ್ರಿ ತತಾಮಿ ಚಾಪೆಯ ಮೇಲೆ ಕುಳಿತಾಗ ಮೊದಲು ಬಂದದ್ದು ಗೊಮಾದೋಫು. ಹೆಸರಿನಲ್ಲಿ ತೋಫು, ಆದರೆ ಸೋಯಾ ಇಲ್ಲ; ಅರೆದ ಎಳ್ಳನ್ನು ಕುಜು ಗೆಡ್ಡೆಯ ಹಿಟ್ಟಿನೊಡನೆ ಕಾಯಿಸಿ ಗಟ್ಟಿಮಾಡಿದ್ದು. ಬಟ್ಟಲಿಗೆ ಒಂದೇ ಬಿಲ್ಲೆ, ಮೇಲೆ ಚಿಟಿಕೆ ವಸಾಬಿ ಎಂಬ ಘಾಟಿನ ಹಸಿರು ಚಟ್ನಿ. ಹಾಲುಬಾಯಿ ತಿಂದವರಿಗೆ ಆ ನುಣುಪು ಗೊತ್ತು. ಮೂರನೆಯ ಸಲ ಚಾಪ್‌ಸ್ಟಿಕ್‌ನಿಂದ ಜಾರಿದಾಗ ಬಡಿಸುವಾಕೆ ಸದ್ದಿಲ್ಲದೆ ಮರದ ಚಮಚ ತಂದಿಟ್ಟರು.

ಕೊನೆಗೆ ಅನ್ನ, ಮಿಸೊ (ಹುದುಗಿಸಿದ ಸೋಯಾ) ಸಾರು, ಉಪ್ಪಿನಕಾಯಿ. ಸುಳ್ಳೇಕೆ ಹೇಳಲಿ, ಕಣ್ಣು ಮಜ್ಜಿಗೆಯನ್ನು ಹುಡುಕಿತು.