ಆರು ಬೋರ್‌ವೆಲ್, ಒಂದೇ ಪೈಪ್‌ಲೈನ್: ಲೋರಾ ಸಂದೇಶ ತಪ್ಪುತ್ತಿದ್ದರೆ ಥ್ರೆಶೋಲ್ಡ್ ಇಳಿಸಬೇಕೇ?

ಇಳಿಸಬೇಡಿ. ತಿಕೋಟಾದ ನಿಮ್ಮ ದ್ರಾಕ್ಷಿ ತೋಟದಲ್ಲಿ ಆರೂ ಬೋರ್‌ಗಳಿಗೆ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ), ಅಕ್ಕಪಕ್ಕದ ನೋಡ್‌ಗಳ (ಪ್ರತಿ ಬೋರ್‌ನ ನಿಯಂತ್ರಕ) ನಡುವೆ ಲೋರಾ (ದೂರ ಮುಟ್ಟುವ ರೇಡಿಯೊ), ನೆರೆಯವರು ತಮ್ಮ ವೇಗ ಸಮ ಮಾಡಿಕೊಂಡರೂ ಒಟ್ಟು ಬದಲಾಗಬಾರದು, ವೇಗ 1 ಹರ್ಟ್ಸ್ (ಇದೇ ಥ್ರೆಶೋಲ್ಡ್) ಬದಲಾದಾಗ ಮಾತ್ರ ಸಂದೇಶ, ಆದರೂ ಹೊತ್ತು ಹೋದಂತೆ ಒಟ್ಟು ನೀರು ಕಡಿಮೆ. ಮುಧೋಳ ಕಡೆ ಕಬ್ಬಿನ ಹೊಲಕ್ಕೆ ನಾನು ಕಟ್ಟಿದ್ದೂ ಇದೇ. ನಾನೂ ಮೊದಲು ಥ್ರೆಶೋಲ್ಡನ್ನೇ 0.5ಕ್ಕೆ ಇಳಿಸಿದ್ದೆ. ಸಂದೇಶ ಹೆಚ್ಚಾದವು, ಗಾಳಿಯಲ್ಲಿ ಅವುಗಳ ಡಿಕ್ಕಿ ಹೆಚ್ಚಾಯಿತು, ಒಟ್ಟು ವೇಗದ ಲೆಕ್ಕದಲ್ಲಿ ಸೋರಿಕೆಯೂ ಹೆಚ್ಚಾಯಿತು.

ತಪ್ಪು ಎಲ್ಲಿದೆ ನೋಡ್ರಿ. 3ನೇ ನೋಡ್ 45ರಿಂದ 48 ಹರ್ಟ್ಸ್‌ಗೆ ಏರಿ ಸಂದೇಶ ಬಿಟ್ಟಿತು. 44ರಲ್ಲಿರುವ 4ನೇ ನೋಡ್‌ಗೆ ಅದು ಮುಟ್ಟಲಿಲ್ಲ. ಗುಣಕ 0.1, ಅಂದರೆ ಹೆಜ್ಜೆಗೆ ವ್ಯತ್ಯಾಸದ ಹತ್ತನೇ ಒಂದು ಭಾಗ ಸರಿದರೆ, 3 ತನ್ನ ಲೆಕ್ಕದಲ್ಲಿ 0.4 ಇಳಿಯುತ್ತದೆ, ಹಳೆಯ 45ನ್ನೇ ನಂಬಿದ 4 ಬರೀ 0.1 ಏರುತ್ತದೆ. ಹೆಜ್ಜೆಗೆ 0.3 ಹರ್ಟ್ಸ್ ಯಾರ ಖಾತೆಗೂ ಸೇರದೆ ಹೋಯಿತು. ಹತ್ತು ಸೆಕೆಂಡಿಗೊಮ್ಮೆ ತಪ್ಪದೆ ಕಳಿಸುವ ಪದ್ಧತಿಯಲ್ಲಿ ಮುಂದಿನ ಸಂದೇಶ 4ರ ಹಳೆಯ ಲೆಕ್ಕವನ್ನು ಸರಿಮಾಡಿ, ಸೋರಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತಿತ್ತು. ಇಲ್ಲಿ 3 ಮತ್ತೆ 1 ಹರ್ಟ್ಸ್ ಕದಲುವವರೆಗೂ ಸುಮ್ಮನಿರುತ್ತದೆ. ಆ ಮೌನವನ್ನು 4 'ಏನೂ ಬದಲಾಗಿಲ್ಲ' ಎಂದೇ ಓದಿಕೊಳ್ಳುತ್ತದೆ. ಕಳಿಸಿದ ಕೂಡಲೇ ಮುಟ್ಟಿತೆಂದು ನಂಬಿ, ದೋಷವನ್ನು (ಕಳಿಸಿದ ವೇಗಕ್ಕೂ ಈಗಿನ ವೇಗಕ್ಕೂ ಇರುವ ವ್ಯತ್ಯಾಸ) ಸೊನ್ನೆ ಮಾಡುವ ಆ ಒಂದು ಸಾಲಿನ ಕೋಡೇ ಇಷ್ಟಕ್ಕೆಲ್ಲ ಮೂಲ.

ಇದು ಒಂದೇ ಕಡೆ ಸೋರುವುದಕ್ಕೂ ಕಾರಣವಿದೆ. ತ್ರೀ ಫೇಸ್ ಬಂದಾಗ ಆರೂ ಮೋಟಾರು ಒಟ್ಟಿಗೇ ವೇಗ ಏರಿಸುತ್ತವೆ, ಆರೂ ನೋಡ್ ಒಟ್ಟಿಗೇ ಕೂಗುತ್ತವೆ. ಏರುವಾಗ ತಪ್ಪಿದ ಸಂದೇಶ ಒಟ್ಟನ್ನು ಕೆಳಗೇ ಎಳೆಯುತ್ತದೆ. ಇದನ್ನು ಹಗುರಾಗಿ ತಗೋಬೇಡಿ. ಪಂಪಿನ ಹೆಡ್ (ನೀರೆತ್ತುವ ಎತ್ತರ) ವೇಗದ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. 50ರಲ್ಲಿದ್ದುದು 40 ಹರ್ಟ್ಸ್‌ನಲ್ಲಿ ಶೇ 64 ಮಾತ್ರ. ಆಳದ ಬೋರ್‌ನಲ್ಲಿ ಮೋಟಾರು ತಿರುಗುತ್ತಲೇ ಇದ್ದರೂ ನೀರು ಮೇಲೆ ಬರದು. ಸಬ್‌ಮರ್ಸಿಬಲ್ ತಣ್ಣಗಿರುವುದೇ ಹರಿಯುವ ನೀರಿನಿಂದ. ಹರಿವು ನಿಂತರೆ ವೈಂಡಿಂಗ್ ಸುಡುತ್ತದೆ.

ಪರಿಹಾರ ಉದ್ರಿ ಖಾತೆಯಂತೆ. ಪ್ರತಿ ಜೋಡಿಯಲ್ಲಿ ಸಣ್ಣ ಸಂಖ್ಯೆಯ ನೋಡ್ ಮಾತ್ರ ಲೆಕ್ಕ ಹಾಕಲಿ. ತನ್ನದರಲ್ಲಿ ಕಳೆದು, 'ಈಗ ಕೊಟ್ಟದ್ದು 0.4' ಎನ್ನದೆ 'ನಿನಗೆ ಇದುವರೆಗೆ ಕೊಟ್ಟ ಒಟ್ಟು 7.2' ಎಂದು ಕಳಿಸಲಿ. ಪಡೆದವನು ಹಿಂದಿನ ಒಟ್ಟನ್ನು ಕಳೆದು, ಉಳಿದದ್ದನ್ನು ಸೇರಿಸಿಕೊಳ್ಳಲಿ. ನಡುವೆ ಮೂರು ಸಂದೇಶ ಕಳೆದುಹೋದರೂ ನಾಲ್ಕನೆಯದು ಎಲ್ಲವನ್ನೂ ತರುತ್ತದೆ. ಕರೆಂಟ್ ಹೋದರೂ ಈ ಒಟ್ಟು ಉಳಿಯಬೇಕು, ಎಫ್‌ರ್ಯಾಮ್‌ನಲ್ಲಿ (ಕರೆಂಟ್ ಇಲ್ಲದೆಯೂ ಅಳಿಯದ ಮೆಮೊರಿ) ಬರೆಯಿರಿ. ಒಂದೇ ನೋಡ್ ರೀಸೆಟ್ ಆಗಿ ಸೊನ್ನೆಯಿಂದ ಶುರುಮಾಡಿದರೆ ಜೋಡಿಯ ಲೆಕ್ಕ ಕೆಡುತ್ತದೆ.

ಸಂದೇಶಕ್ಕೆ ಕ್ರಮಸಂಖ್ಯೆ ಕೊಡಿ. ಹಳೆಯದು ತಡವಾಗಿ ಬಂದರೆ ಬಿಟ್ಟುಬಿಡಲಿ. ಘಟನೆ ಇರಲಿ ಬಿಡಲಿ, 60 ಸೆಕೆಂಡಿಗೊಂದು ಸಂದೇಶ ಹೋಗಲೇಬೇಕು. ಮೂರು ಸಲ ಕೇಳದಿದ್ದರೆ ಆ ನೆರೆಯವನ ಜೊತೆ ಕೊಡು-ಕೊಳ್ಳುವುದನ್ನು ನಿಲ್ಲಿಸಿ. ಕಳಿಸುವ ಮುನ್ನ 0ಯಿಂದ 2 ಸೆಕೆಂಡ್ ಯಾದೃಚ್ಛಿಕವಾಗಿ ಕಾಯಲಿ. ದೂರ ಮುಟ್ಟುವುದಾದರೆ ಎಸ್‌ಎಫ್ (ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್; ಹೆಚ್ಚಿದಷ್ಟೂ ದೂರ ಮುಟ್ಟುತ್ತದೆ, ಆದರೆ ನಿಧಾನ) 7 ಇಡಿ: 20 ಬೈಟ್‌ಗೆ ಸುಮಾರು 57 ಮಿಲಿಸೆಕೆಂಡ್ ಸಾಕು. ಎಸ್‌ಎಫ್ 12ರಲ್ಲಿ ಅದೇ ಸಂದೇಶ 1.3 ಸೆಕೆಂಡ್ ಗಾಳಿ ಹಿಡಿಯುತ್ತದೆ.

ತೋಟಕ್ಕೆ ಹಾಕುವ ಮುನ್ನ ಮೇಜಿನ ಮೇಲೇ ಪರೀಕ್ಷಿಸಿ. ಪಡೆಯುವ ಕಡೆಯ ಕೋಡ್‌ನಲ್ಲಿ ನೂರಕ್ಕೆ 30 ಸಂದೇಶ ಬೇಕಂತಲೇ ಬಿಸಾಡಿ, ಎರಡು ತಾಸು ಓಡಿಸಿ. ಆಮೇಲೆ ಬಿಸಾಡುವುದನ್ನು ನಿಲ್ಲಿಸಿ, ಬಾಕಿ ಎಲ್ಲ ಮುಟ್ಟಿದ ಮೇಲೆ ಆರೂ ನೋಡ್‌ಗಳ ಹರ್ಟ್ಸ್ ಕೂಡಿಸಿ. ಮೊದಲಿನ ಒಟ್ಟಿಗೂ ಇದಕ್ಕೂ 0.1ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇನ್ನೂ ಎಲ್ಲೋ ಎರಡು ಕಡೆ ಲೆಕ್ಕ ನಡೆಯುತ್ತಿದೆ, ಹುಡುಕಿರಿ.