‘ನಮ್ಮ ವಿದ್ಯಾರ್ಥಿಗಳು’ ಅಂದರೆ ಯಾರು?

ಬಾಗಲಕೋಟೆಯಲ್ಲಿ ನನ್ನ ಹತ್ತಿರ ಬಂದವರು ಒಬ್ಬ ಕಾಲೇಜು ಅಧ್ಯಾಪಕಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಹದಿನೈದು ದಿನದಿಂದ ನಿದ್ದೆ ಇಲ್ಲ ಅಂದರು. ಬಿಪಿ ನೋಡಿಸಿದ್ದರು, ಸರಿ ಇತ್ತು.

ಇಳಕಲ್ಲಿನ ಸೀರೆ ನೇಕಾರರ ಮೈಕೈ ನೋವಿನ ಬಗ್ಗೆ ಅವರೂ ಅವರ ಎಂ.ಎ. ವಿದ್ಯಾರ್ಥಿನಿಯೂ ಸೇರಿ ಸಮೀಕ್ಷೆ ಮಾಡಿದ್ದರು. ಬೆಳಗಾವಿಯ ಒಂದು ವಿಚಾರ ಸಂಕಿರಣದಲ್ಲಿ ಮೇಡಂ ಪ್ರಬಂಧ ಮಂಡಿಸಿದರು. ಮೊದಲ ಸ್ಲೈಡಿನಲ್ಲಿ ಅವರ ಹೆಸರು ಮಾತ್ರ, ಕೊನೆಯದರಲ್ಲಿ ‘ನಮ್ಮ ವಿದ್ಯಾರ್ಥಿಗಳಿಗೆ ಧನ್ಯವಾದ’. ಹುಡುಗಿ ಮೂರನೇ ಸಾಲಿನಲ್ಲೇ ಕೂತಿದ್ದಳು. ನಸುಕಿನ ಬಸ್ಸಿಗೆ ಬಂದಿದ್ದಳು, ಮೇಡಂಗೂ ಸೇರಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು. ಊಟಕ್ಕೆ ಬಿಟ್ಟಾಗ ಬುತ್ತಿಯನ್ನು ಅವರ ಕೈಗಿಟ್ಟು, “ಏನಿಲ್ರಿ ಮೇಡಂ, ತಲಿ ನೋಯಾಕತ್ತೈತಿ” ಅಂದು ಹೊರಟುಬಿಟ್ಟಳು. ಆಮೇಲೆ ಫೋನ್ ಎತ್ತಿಲ್ಲ.

“ಮಾಹಿತಿ ತಂದಾಳಷ್ಟ. ಬರದದ್ದೆಲ್ಲಾ ನಾನ ಅಲ್ರಿ?” ಅಂತ ಕೇಳಿದರು.

ಹೇಗೆ ತಂದಳು ಅಂತ ಕೇಳಿದೆ. ಅವರೇ ಹೇಳುತ್ತಾ ಹೋದರು. ಪ್ರಶ್ನಾವಳಿ ಮಗ್ಗದ ಮೇಲೆ ಕೂರುವವರಿಗೆ ಮಾತ್ರ ಇತ್ತಂತೆ. ಒಂದು ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಅಜ್ಜಿ ಕುತ್ತಿಗೆ ಹಿಡಿದುಕೊಂಡು “ನಮ್ಮನ್ನ ಯಾಕ ಕೇಳವಲ್ಲಿ?” ಅಂದಳಂತೆ. ಅವತ್ತು ರಾತ್ರಿಯೇ ಹುಡುಗಿ ಕಂಡಿಕೆ ಸುತ್ತುವ, ಸೆರಗಿನ ಎಳೆ ಜೋಡಿಸುವ ಹೆಂಗಸರಿಗಾಗಿ ಇನ್ನೊಂದು ಪುಟ ಕೈಯಲ್ಲೇ ಬರೆದು, ಮುಗಿಸಿದ್ದ ಮನೆಗಳಿಗೂ ಮತ್ತೆ ಹೋಗಿ ಕೇಳಿ ಬಂದಿದ್ದಳು. ಸಂಕಿರಣದಲ್ಲಿ ಎಲ್ಲರೂ ಮೆಚ್ಚಿದ್ದು ಆ ಪುಟವನ್ನೇ. ಅದನ್ನು ತೋರಿಸುವಾಗ ಮೇಡಂ “ನಾನು ಗಮನಿಸಿದ ಹಾಗೆ” ಅಂದಿದ್ದರು. ಇದನ್ನು ಹೇಳಿ ಸುಮ್ಮನಾದರು, ಬಹಳ ಹೊತ್ತು.

ಹೆಸರು ಬಿಟ್ಟದ್ದು ಯಾಕೆ? ಇನ್ನೊಂದು ಹೆಸರು ಸೇರಿದರೆ ಬಡ್ತಿಯ ಅಂಕ ಹಂಚಿಹೋಗುತ್ತದೆ ಅನ್ನುವ ಭಯ. ಈ ಭಯ ತುಂಬಾ ಜನಕ್ಕಿದೆ, ಲೆಕ್ಕ ಮಾತ್ರ ಯಾರೂ ನೋಡುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಪ್ರಕಟವಾದ ಲೇಖನಕ್ಕೆ ಇಬ್ಬರು ಲೇಖಕರಿದ್ದರೆ ಇಬ್ಬರಿಗೂ ಶೇ. 70ರಷ್ಟು ಅಂಕ ಸಿಗುತ್ತದೆ, ಅರ್ಧರ್ಧ ಅಲ್ಲ. ಇನ್ನು ‘ಬರೆದದ್ದು ನಾನೇ’ ಅನ್ನುವ ಮಾತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಸಂಶೋಧನೆಯ ಯೋಜನೆಯಲ್ಲೋ, ಮಾಹಿತಿ ಸಂಗ್ರಹದಲ್ಲೋ, ವಿಶ್ಲೇಷಣೆಯಲ್ಲೋ ಗಣನೀಯ ಪಾಲು ಇದ್ದವರಿಗೆ ಬರೆಯುವ, ತಿದ್ದುವ, ಕೊನೆಗೆ ಒಪ್ಪಿಗೆ ಕೊಡುವ ಅವಕಾಶವನ್ನೂ ಕೊಡಬೇಕು. ಅಂದರೆ, ಬರೆಯಲು ಕರೆಯದೆ ಇದ್ದು ‘ಅವಳು ಬರೆದಿಲ್ಲ’ ಅನ್ನೋದು ನ್ಯಾಯ ಅಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಕ್ಷಮೆ ಕೇಳಿ, ಅಂಕ, ಗಡಿಬಿಡಿ, ಯಾವ ಕಾರಣವನ್ನೂ ಅದಕ್ಕೆ ಸೇರಿಸಬೇಡಿ, ‘ಆ ಪುಟ ನಿನ್ನದು, ನಾನು ನನ್ನದು ಅಂದೆ, ತಪ್ಪಾಯ್ತು’ ಅಂತ ಅಷ್ಟೇ ಹೇಳಿ. ಫೋನ್ ಎತ್ತದಿದ್ದರೆ ಬರೆದು ಕಳಿಸಿ. ಮನೆಗೆ ಮಾತ್ರ ಹೋಗಬೇಡಿ, ಟೀಚರ್ ಬಾಗಿಲಿಗೆ ಬಂದು ನಿಂತರೆ ಆ ಹುಡುಗಿ ‘ಇರಲಿ ಬಿಡ್ರಿ’ ಅನ್ನದೆ ಬೇರೆ ದಾರಿ ಇರುವುದಿಲ್ಲ. ಸಂಕಿರಣದ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಸಂಘಟಕರಿಗೆ ಪತ್ರ ಬರೆಯಿರಿ, ಆದರೆ ಅವಳನ್ನು ಕೇಳದೆ ಅವಳ ಹೆಸರು ಹಾಕಿಸಬೇಡಿ. ಮುಂದೆ ಎಲ್ಲೇ ಮಾತಾಡಿದರೂ ಅವಳ ಹೆಸರು ಮೊದಲ ಸ್ಲೈಡಿನಲ್ಲಿರಲಿ, ಆ ಪುಟ ತೋರಿಸುವಾಗ ಬಾಯಿಬಿಟ್ಟು ಇನ್ನೊಮ್ಮೆ ಹೇಳಿ.

ಒಂಬತ್ತನೇ ದಿನ ಉತ್ತರ ಬಂತಂತೆ. ಹೆಸರು ಸೇರಿಸಲು ಒಪ್ಪಿದ್ದಳು, ಕರಡು ಕಳಿಸಿ ಓದುತ್ತೇನೆ ಅಂದಿದ್ದಳು. ಜೊತೆಗೊಂದು ಪ್ರಶ್ನೆ: ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಟ್ಟ ನಮ್ಮ ಜೂನಿಯರ್ ಹುಡುಗನ ಹೆಸರು?

ಮೇಡಂ ಅದನ್ನು ಕೇಳಲು ಮತ್ತೆ ಬಂದರು. ಟೈಪ್ ಮಾಡಿದ್ದಷ್ಟೇ ಆದರೆ ಅವನು ಲೇಖಕನಲ್ಲ, ಕೃತಜ್ಞತೆಯ ಸಾಲು ಸಾಕು, ಆದರೆ ‘ನಮ್ಮ ವಿದ್ಯಾರ್ಥಿ’ ಅಂತ ಅಲ್ಲ, ಅವನ ಹೆಸರು ಹಾಕಿಯೇ ಬರೆಯಿರಿ ಅಂದೆ. ಅವರು ಅಲ್ಲೇ ಕೂತು ಡೈರಿಯಲ್ಲಿ ಆ ಹುಡುಗನ ಪೂರ್ತಿ ಹೆಸರು ಬರೆದುಕೊಂಡರು.