ಟೂಲ್ ಬಾಕ್ಸೋ, ಬ್ಯಾಗೋ? ಮೊಬೈಲ್ ರಿಪೇರಿಯವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಸುಮಾರು ಜನ ಕೇಳಿರೋದು ಒಂದೇ ವಿಷಯ: ರಿಪೇರಿ ಸಾಮಾನನ್ನ ಯಾವುದ್ರಲ್ಲಿ ಹಾಕ್ಕೊಂಡು ಓಡಾಡೋದು. ಅದಕ್ಕೇ ಅವನ್ನೆಲ್ಲ ಒಟ್ಟಿಗೇ ತಗೊಂಡಿದೀವಿ.

ಪ್ರಶ್ನೆ: ಸರ್, ನಾನು ಉಜಿರೆಯ ರುಡ್‌ಸೆಟ್‌ನಲ್ಲಿ ಸೆಲ್‌ಫೋನ್ ರಿಪೇರಿ ಟ್ರೈನಿಂಗ್ ಮುಗಿಸಿದ್ದೇನೆ. ಅಂಗಡಿ ಹಾಕ್ಲಿಕ್ಕೆ ಈಗ ದುಡ್ಡಿಲ್ಲ, ಸ್ಕೂಟರಲ್ಲಿ ಮನೆ ಮನೆಗೆ ಹೋಗಿ ಡಿಸ್‌ಪ್ಲೇ, ಬ್ಯಾಟರಿ ಹಾಕಿ ಕೊಡುವ ಅಂತ ಇದ್ದೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ 16 ಇಂಚಿನ ಪ್ಲಾಸ್ಟಿಕ್ ಟೂಲ್ ಬಾಕ್ಸ್ ನೋಡಿದೆ, ಆನ್‌ಲೈನಲ್ಲಿ ಬ್ಯಾಗೂ ಉಂಟು. ಯಾವುದು ತಗೊಳ್ಳುವುದು?
– ಒಬ್ಬ ಓದುಗರು, ಬೆಳ್ತಂಗಡಿ

ಉತ್ತರ: ಬ್ಯಾಗೇ ತಗೊಳ್ಳಿ, ಆದ್ರೆ ಇವತ್ತೇ ಬೇಡ. ಮೊದ್ಲು ನಿಮ್ಮತ್ರ ಇರೋ ಸಾಮಾನೆಲ್ಲ ಒಂದು ಬೆಡ್‌ಶೀಟ್ ಮೇಲೆ ಹರಡಿ, ಗಿರಾಕಿ ಮನೇಲಿ ಕೂತು ಮಾಡೋ ಕೆಲ್ಸಕ್ಕೆ ಏನೇನು ಬೇಕೋ ಅಷ್ಟನ್ನ ಮಾತ್ರ ಆರಿಸಿ ಪಕ್ಕಕ್ಕಿಡಿ. ಮನೇಲಿ ಆಗೋ ಕೆಲ್ಸ ಅಂದ್ರೆ ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಬೋರ್ಡ್, ಸ್ಪೀಕರ್ ಜಾಲರಿ ಕ್ಲೀನಿಂಗ್, ಹೆಚ್ಚುಕಮ್ಮಿ ಅಷ್ಟೇ. ಬೋರ್ಡ್ ಮೇಲಿನ ಐಸಿ (ಚಿಪ್) ಎಬ್ಬಿಸೋದು, ಶಾರ್ಟ್ ಸರ್ಕ್ಯೂಟ್ ಹುಡುಕೋದು ಯಾರದೋ ಡೈನಿಂಗ್ ಟೇಬಲ್ ಮೇಲೆ ಮಾಡೋ ಕೆಲ್ಸ ಅಲ್ಲ, ಅಂಥ ಫೋನ್ ಮನೆಗೆ ತಂದು ಮಾಡ್ಬೇಕು, ಹಾಗಾಗಿ ಹಾಟ್ ಏರ್ ಮಷೀನು, ಡಿಸಿ ಪವರ್ ಸಪ್ಲೈ, ಮೈಕ್ರೋಸ್ಕೋಪು ಇವ್ಯಾವೂ ಬ್ಯಾಗಿನ ಲೆಕ್ಕಕ್ಕೆ ಬರೋದೇ ಬೇಡ. ಬ್ಯಾಗು ತಗೊಳ್ಳುವಾಗ ಎಲ್ಲಾನೂ ತುಂಬ್ಕೋಬೇಕು ಅನ್ಸೋದು ಸಹಜ, ಆದ್ರೆ ದಿನಾ ಹೊರೋದು ನೀವೇ.

ಇನ್ನು ಉಳಿಯೋದು ಸ್ಕ್ರೂಡ್ರೈವರ್‌ಗಳು, ನೆಟ್ಟಗಿರೋದೊಂದು ಬಾಗಿರೋದೊಂದು ಟ್ವೀಜರ್, ಸಕ್ಷನ್ ಕಪ್, ಫೋನ್ ಬಿಚ್ಚೋ ಪ್ಲಾಸ್ಟಿಕ್ ಪಿಕ್‌ಗಳು, ಸಣ್ಣ ಮಲ್ಟಿಮೀಟರ್, ಅಂಟು ಬಿಡಿಸೋಕೆ ಹೇರ್ ಡ್ರೈಯರ್, ಬಿ-7000 ಗಮ್ ಟ್ಯೂಬ್, ಅಂಟಿಸಿದ ಮೇಲೆ ಒತ್ತಿ ಹಿಡಿಯೋ ಕ್ಲಿಪ್‌ಗಳು, ಕ್ಲೀನ್ ಮಾಡೋ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಲಿಕ್ವಿಡ್, ಒರೆಸೋ ಬಟ್ಟೆ, ಮ್ಯಾಟ್. ಇಷ್ಟಕ್ಕೆ 16 ಇಂಚಿನ ಬಾಕ್ಸ್ ಜಾಸ್ತಿ ಆಯ್ತು. ಆ ಬಾಕ್ಸ್‌ಗಳನ್ನ ಮಾಡಿರೋದು ಸ್ಪಾನರು, ಸುತ್ತಿಗೆ, ಕಟಿಂಗ್ ಪ್ಲೇಯರ್ ಇಟ್ಕೊಳ್ಳೋಕೆ, ಮೇಲೊಂದು ಟ್ರೇ ಕೆಳಗೊಂದು ಆಳವಾದ ಗುಂಡಿ, ನಿಮ್ಮ ಪಿಕ್ಕು ಟ್ವೀಜರ್ ಎಲ್ಲ ಆ ಗುಂಡಿ ಸೇರಿ ಚಾರ್ಮಾಡಿ ಕಡೆ ರೋಡಲ್ಲಿ ಹತ್ತು ಕಿಲೋಮೀಟರ್ ಹೋಗೋಷ್ಟರಲ್ಲಿ ಟ್ವೀಜರ್ ಮೂತಿ ಬಾಗಿರುತ್ತೆ. ಬಾಗಿದ ಟ್ವೀಜರಲ್ಲಿ ಕನೆಕ್ಟರ್ ಹಿಡಿಯೋಕೆ ಹೋದ್ರೆ ಏನಾಗುತ್ತೆ ಅಂತ ಟ್ರೈನಿಂಗಲ್ಲೇ ನೋಡಿರ್ತೀರಿ. ಬಾಕ್ಸಿಗೂ ಜಾಗ ಇದೆ, ಸಂತೆಯಲ್ಲೋ ಯಾರದ್ದಾದ್ರೂ ಅಂಗಡಿ ಮೂಲೆಯಲ್ಲೋ ಟೇಬಲ್ ಹಾಕಿ ಕೂರೋರಿಗೆ ಅದೇ ಒಳ್ಳೇದು, ಗಟ್ಟಿ, ಬೀಗ ಹಾಕ್ಬೋದು, ಮೇಲೆ ಏನಾದ್ರೂ ಇಟ್ರೂ ಒಳಗಿಂದು ಒಡೆಯಲ್ಲ.

ಬ್ಯಾಗ್ ನೋಡುವಾಗ ಮೊದ್ಲು ತಳ ನೋಡಿ. ಬಟ್ಟೆ ತಳ ಆದ್ರೆ ಒದ್ದೆ ಜಗಲಿ ಮೇಲೆ ಇಟ್ಟ ಕೂಡ್ಲೇ ನೀರು ಎಳ್ಕೊಳ್ಳುತ್ತೆ, ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣ ಜಗಲಿ ಸಿಗೋದೇ ಕಷ್ಟ. ಅಚ್ಚಲ್ಲಿ ಎರಕ ಹೊಯ್ದ ಗಟ್ಟಿ ರಬ್ಬರ್ ಅಥವಾ ಪ್ಲಾಸ್ಟಿಕ್ ತಳ ಇರೋದು ಬೇಕು. ಆಮೇಲೆ ಬಟ್ಟೆ. ಲೇಬಲ್ ಮೇಲೆ 600ಡಿ, 1680ಡಿ ಅಂತ ಬರೆದಿರ್ತಾರಲ್ಲ, ಆ ಡಿ ಅಂದ್ರೆ ಡೆನಿಯರ್, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ದೊಡ್ಡ ನಂಬರ್ ಅಂದ್ರೆ ದಪ್ಪ ನೂಲು, ಉಜ್ಜಾಟಕ್ಕೆ ಬೇಗ ಹರಿಯಲ್ಲ, ಆದ್ರೆ ತೂಕಾನೂ ಜಾಸ್ತಿ, ಮತ್ತೆ ನೀರು ತಡೆಯೋದು ಆ ನಂಬರ್ ಅಲ್ಲ, ಒಳಗಡೆ ಬಳಿದಿರೋ ಕೋಟಿಂಗು. ಅದನ್ನ ನಂಬಿ ಮಳೇಲಿ ಹೋಗ್ಬೇಡಿ, ಹೊಲಿಗೆಯಲ್ಲೂ ಜಿಪ್‌ನಲ್ಲೂ ನೀರು ಇಳಿದೇ ಇಳಿಯುತ್ತೆ, ರೈನ್ ಕವರ್ ಬೇರೆ ಬೇಕೇ ಬೇಕು. ಜೊತೆಗೆ ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರೋ ಸಿಲಿಕಾ ಜೆಲ್ ಪೊಟ್ಟಣ ಎಸೀಬೇಡಿ, ನಾಲ್ಕೈದು ಒಳಗೆ ಹಾಕಿಡಿ, ಡ್ರೈವರ್ ತುದಿಗೆ ಹಾಕೋ ಬಿಟ್‌ಗಳಿಗೆ ತುಕ್ಕು ಬರೋದು ಸ್ವಲ್ಪ ಕಮ್ಮಿ ಆಗುತ್ತೆ.

ಇನ್ನೊಂದು, ಒಳಗಿನ ಬಟ್ಟೆ ಕಪ್ಪು ಇರೋದು ಬೇಡ. ಬೂದಿಯೋ ಹಳದಿಯೋ ಇದ್ರೆ ಬಿದ್ದ ಸ್ಕ್ರೂ ಕಣ್ಣಿಗೆ ಕಾಣುತ್ತೆ, ಯಾಕೋ ಬ್ಯಾಗ್ ಮಾಡೋರಿಗೆ ಇದು ಹೊಳೆಯೋದೇ ಇಲ್ಲ. ಹೊಸ ಡಿಸ್‌ಪ್ಲೇ ಮಾತ್ರ ಬ್ಯಾಗಿನ ಜೇಬಿಗೆ ಹಾಗೇ ತುರುಕ್ಬೇಡಿ, ಗಟ್ಟಿ ಪ್ಲಾಸ್ಟಿಕ್ ಟಿಫಿನ್ ಡಬ್ಬಿಗೆ ಫೋಮ್ ಹಾಕಿ ಅದರೊಳಗಿಟ್ಟು ಅದನ್ನ ಬ್ಯಾಗಿಗೆ ಹಾಕಿ.

ಪ್ರಶ್ನೆ: ನಮಸ್ಕಾರ್ರೀ. ನನ್ನ ಹತ್ರ ಬ್ಯಾಗ್ ಐತ್ರಿ, ಆದ್ರ ಒಳಗ ಎಲ್ಲಾ ಕಲಸಿ ಹೋಗತೈತಿ, ಒಂದ್ ಡ್ರೈವರ್ ಬೇಕಂದ್ರ ಪೂರಾ ಬ್ಯಾಗ್ ಬೋರಲ ಹಾಕ್ಬೇಕು. ಸ್ಕ್ರೂ ಕಥಿ ಅಂತೂ ಕೇಳಬ್ಯಾಡ್ರಿ. ಹೆಂಗ ಜೋಡಸೂದು?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ದಿನಾ ಕೈಗೆ ಬೇಕಾಗೋ ಡ್ರೈವರ್ ನಾಲ್ಕೈದೇ ರೀ. ಆಂಡ್ರಾಯ್ಡ್ ಫೋನ್‌ಗೆ ಬಹುತೇಕ 1.5 ಮಿಲಿಮೀಟರ್ ಪ್ಲಸ್ ಸಾಕು. ಐಫೋನ್ ಕೆಳಗಿನ ಎರಡು ಸ್ಕ್ರೂಗೆ 0.8ರ ಪೆಂಟಲೋಬ್, ಅದೇ ಐದು ದಳದ ಹೂವಿನ ಥರ ಇರುತ್ತಲ್ಲ ಅದು, ಐಫೋನ್ 7ರಿಂದ ಈಚೆಗೆ ಒಳಗಡೆ ವೈ ಆಕಾರದ ಬಿಟ್ಟೂ ಬೇಕು. ಇವಕ್ಕೆ ಹಿಡಿಗೆ ಬಣ್ಣದ ಟೇಪ್ ಸುತ್ತಿ, ಬ್ಯಾಗಿನ ಬಾಯಿ ಹತ್ರದ ಎಲಾಸ್ಟಿಕ್‌ನಲ್ಲಿ ಸಿಕ್ಕಿಸಿ, ಉಳಿದ ಬಿಟ್ಟೆಲ್ಲ ಬೇರೆ ಡಬ್ಬೀಲಿ ತಳಕ್ಕೆ ಹೋಗ್ಲಿ. ಎಲಾಸ್ಟಿಕ್ ಪಟ್ಟಿ ದಪ್ಪ ಹಿಡಿಗೆ ಅಂತ ಹೊಲಿದಿದ್ರೆ ನಮ್ಮ ಸಣ್ಣ ಡ್ರೈವರ್ ಜಾರುತ್ತೆ, ಬ್ಯಾಗ್ ರಿಪೇರಿ ಮಾಡೋರ ಹತ್ರ ಒಂದೊಂದರ ಮಧ್ಯೆ ಇನ್ನೊಂದು ಹೊಲಿಗೆ ಹಾಕ್ಸಿ.

ಸ್ಕ್ರೂ ವಿಷಯ ಮಾತ್ರ ತಮಾಷೆ ಅಲ್ಲ. ಐಫೋನ್ 6ರಲ್ಲಿ ಡಿಸ್‌ಪ್ಲೇ ಕನೆಕ್ಟರ್ ಮುಚ್ಚೋ ಪ್ಲೇಟಿನ ಸ್ಕ್ರೂಗಳು ನೋಡೋಕೆ ಒಂದೇ, ಉದ್ದ ಬೇರೆ ಬೇರೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದಂದು ಹಾಕಿ ಬಿಗಿದ್ರೆ ಅದು ನೇರ ಬೋರ್ಡಿಗೆ ಇಳಿದು ಒಳಗಿನ ಟ್ರ್ಯಾಕ್ ಕತ್ತರಿಸುತ್ತೆ, ಡಿಸ್‌ಪ್ಲೇ ಬದಲಾಯಿಸೋಕೆ ಕೊಟ್ಟ ಫೋನು ಬೋರ್ಡೇ ಹೋಯ್ತು ಅಂತ ವಾಪಸ್ ಬರುತ್ತೆ. ಅದಕ್ಕೇ ಮ್ಯಾಗ್ನೆಟ್ ಮ್ಯಾಟ್ ಒಂದು ಇರ್ಲಿ, ಫೋನಿನ ಚಿತ್ರ ಬರೆದು ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಡ್ತಾ ಹೋಗಿ. ಫೋನನ್ನೇ ಆ ಮ್ಯಾಟ್ ಮೇಲೆ ಇಡ್ಬೇಡಿ ಅಷ್ಟೇ, ಕಂಪಾಸು ಮತ್ತೆ ಕ್ಯಾಮೆರಾದ ನಡುಕ ತಡೆಯೋ ಭಾಗಕ್ಕೆ ಮ್ಯಾಗ್ನೆಟ್ ಆಗಿಬರಲ್ಲ.

ಪ್ರಶ್ನೆ: ಗಿರಾಕಿಗಳ ಹಳೇ ಬ್ಯಾಟರಿ, ಉಬ್ಬಿದ್ದೂ ಸೇರಿ, ಅದೇ ಟೂಲ್ ಬ್ಯಾಗಲ್ಲಿ ತರ್ತೀನಿ. ಬೈಕ್ ಬಾಕ್ಸಲ್ಲಿ ಬ್ಯಾಗ್ ಇರುತ್ತೆ, ಇಲ್ಲಿ ಬಿಸಿಲು ಗೊತ್ತಲ್ಲ ಸರ್. ಏನಾದ್ರೂ ತೊಂದ್ರೆ ಇದೆಯಾ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಇದೆ, ಇವತ್ತೇ ನಿಲ್ಸಿ ತಮ್ಮಾ. ಉಬ್ಬಿದ ಲಿಥಿಯಂ ಬ್ಯಾಟರಿ ಪಕ್ಕದಲ್ಲಿ ಚೂಪಾದ ಟ್ವೀಜರ್, ಅದರ ಪಕ್ಕ ಐಪಿಎ ಬಾಟ್ಲಿ, ಮೇಲೆ 40 ದಾಟಿದ ಬಿಸಿಲು. ಐಪಿಎ ಹೊತ್ತಿಕೊಳ್ಳೋ ಆವಿ ಬಿಡೋಕೆ 12 ಡಿಗ್ರಿ ಸಾಕು, ಅಂದ್ರೆ ನಿಮ್ಮೂರಲ್ಲಿ ವರ್ಷದ ಹೆಚ್ಚಿನ ದಿನ ಅದು ರೆಡಿಯಾಗೇ ಇರುತ್ತೆ. ಬ್ಯಾಟರಿಗೆ ತಗಡಿನ ಡಬ್ಬಿ ಒಂದು ಬೇರೆ ಮಾಡಿ, ತಳಕ್ಕೆ ಒಣ ಮರಳು, ಬ್ಯಾಟರಿ ಕನೆಕ್ಟರ್‌ಗೆ ಟೇಪ್ ಅಂಟಿಸಿ ಮರಳಲ್ಲಿಟ್ಟು ಮುಚ್ಚಳ ಸಡಿಲ ಬಿಡಿ, ಗಾಳಿಯಾಡದ ಹಾಗೆ ಬಿಗೀಬೇಡಿ. ಬಿಸಿಲಲ್ಲಿ ನಿಲ್ಸಿದ ಬೈಕ್ ಬಾಕ್ಸಲ್ಲಿ ಅದನ್ನ ಬಿಡೋದೂ ಬೇಡ. ಐಪಿಎನ ಒತ್ತಿದ್ರೆ ಮೇಲೆ ಬರೋ ಟೇಬಲ್ ಬಾಟ್ಲೀಲಿ ಒಯ್ಯಬೇಡಿ, ಅದು ಸೋರುತ್ತೆ, 50 ಎಂಎಲ್‌ನ ತಿರುಗಿಸೋ ಮುಚ್ಚಳದ ಬಾಟ್ಲಿ, ಅದಕ್ಕೊಂದು ಜಿಪ್ ಕವರ್. ಆಮೇಲೆ ಆ ಬ್ಯಾಟರಿಗಳನ್ನ ಕಸದ ಗಾಡಿಗೆ ಹಾಕ್ಬಾರ್ದು, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ಸಂಗ್ರಹಿಸೋ ಹೊಣೆ ತಯಾರಕರದ್ದು, ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ.

ಪ್ರಶ್ನೆ: ಅಪಾರ್ಟ್‌ಮೆಂಟ್‌ಗಳಲ್ಲೇ ಹೆಚ್ಚು ಕೆಲ್ಸ ನಂದು. ಒಂದೇ ಭುಜಕ್ಕೆ ಹಾಕೋ ಬ್ಯಾಗು, ಸಂಜೆ ಹೊತ್ತಿಗೆ ಕತ್ತು ಹಿಡ್ಕೊಳ್ಳುತ್ತೆ. ಬ್ಯಾಕ್‌ಪ್ಯಾಕ್ ಸರಿಹೋಗುತ್ತಾ?
– ಒಬ್ಬ ಓದುಗರು, ಮೈಸೂರು

ಉತ್ತರ: ಸರಿಹೋಗುತ್ತೆ ಮೇಡಂ, ಆದ್ರೆ ಮೇಲಿಂದ ಮಾತ್ರ ತೆರೆಯೋ ಕಾಲೇಜ್ ಬ್ಯಾಗಲ್ಲ, ಸೂಟ್‌ಕೇಸ್ ಹಾಗೆ ಪೂರ್ತಿ ಬಿಚ್ಚಿ ಮಲಗಿಸೋಂಥದ್ದು ನೋಡಿ. ಅದನ್ನ ಟೇಬಲ್ ಮೇಲೆ ಬಿಚ್ಚಿದ್ರೆ ಬ್ಯಾಗೇ ನಿಮ್ಮ ಟ್ರೇ. ಭಾರದ ಸಾಮಾನು, ಅಂದ್ರೆ ಡ್ರೈಯರ್, ಮೀಟರ್ ಬೆನ್ನಿಗೆ ತಾಗೋ ಕಡೆ ಇರ್ಲಿ. ಪ್ಲಗ್ ಪಾಯಿಂಟ್ ಹುಡ್ಕೋ ತಾಪತ್ರಯ ಬೇಡ ಅಂದ್ರೆ ಟೈಪ್-ಸಿಯಲ್ಲಿ ನಡೆಯೋ ಪೆನ್ ಥರದ ಸೋಲ್ಡರಿಂಗ್ ಐರನ್ ಬರುತ್ತೆ, ಹಳೇ ಐರನ್ನು ಸ್ಟ್ಯಾಂಡು ಎರಡೂ ಮನೇಲೇ ಉಳಿಯುತ್ತೆ, ಅದಕ್ಕೆ ತಕ್ಕ ವ್ಯಾಟ್ ಕೊಡೋ ಪವರ್ ಬ್ಯಾಂಕ್ ಇರ್ಬೇಕು ಅಷ್ಟೇ. ಬಿಸಿ ಆರೋ ಮುಂಚೆ ಒಳಗೆ ಹಾಕ್ಬೇಡಿ.

ಪ್ರಶ್ನೆ: 115 ಇನ್ 1 ಅಂತ ಡಬ್ಬಿ ಸಮೇತ ಕಿಟ್ ಬರುತ್ತಲ್ಲ, ಅದೊಂದೇ ತಗೊಂಡ್ರೆ ಸಾಕಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಶುರುವಿಗೆ ಸಾಕು. ಅದರಲ್ಲಿ ಹೆಚ್ಚಿನ ಬಿಟ್ ನೀವು ಮುಟ್ಟೋದೇ ಇಲ್ಲ, ಮುಟ್ಟೋ ನಾಲ್ಕೈದು ಬೇಗ ಸವೆಯುತ್ತೆ. ಸವೆದ ಬಿಟ್ಟಲ್ಲಿ ಸ್ಕ್ರೂ ತಲೆ ಹಾಳು ಮಾಡ್ಕೊಳ್ಳೋ ಮುಂಚೆ ಆ ನಾಲ್ಕೈದನ್ನ ಮಾತ್ರ ಒಳ್ಳೇ ಕಂಪನಿದು ಬಿಡಿಯಾಗಿ ತಗೊಳ್ಳಿ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಕೇಳಿ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ತರ್ಬೋದು.